ಮನೆಯವರಿಗೆ ಉಡುಗೊರೆ: ಯಾರಿಗೆ, ಏನು, ಹೇಗೆ?

ಉಡುಗೊರೆಯ ವಿನಿಮಯವು ಮನಸ್ಸುಗಳ ನಡುವೆ ಪ್ರೀತಿಯನ್ನು ಬೆಳೆಸುತ್ತದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಇಮಾಮ್ ಬುಖಾರಿಯವರು ತಮ್ಮ 'ಅಲ್ ಅದಬುಲ್ ಮುಫ್ರದ್' ಗ್ರಂಥದಲ್ಲಿ ಈ ಹದೀಸನ್ನು ದಾಖಲಿಸಿದ್ದಾರೆ. ಮದ್ರಸದ ಕೆಳಗಿನ ತರಗತಿಯ ಮಗು ಕೂಡ ಇದನ್ನು ಬಾಯಿಪಾಠ ಹೇಳಬಲ್ಲದು. ಆದರೆ ನಮ್ಮ ಮನೆಗಳಲ್ಲಿ ಉಡುಗೊರೆಯಿಂದ ಬೆಳೆದ ಪ್ರೀತಿ ಎಷ್ಟು, ಹುಟ್ಟಿಕೊಂಡ ಮುನಿಸು ಎಷ್ಟು ಎಂದು ಲೆಕ್ಕ ಹಾಕಿದರೆ ಉತ್ತರ ಅಷ್ಟು ಸುಲಭವಲ್ಲ. ಅಣ್ಣ ತಂದ ಬಟ್ಟೆಯಲ್ಲಿ ನಾದಿನಿಗೆ ಸಿಕ್ಕಿದ್ದು ಹೆಚ್ಚು ಬೆಲೆಯದ್ದೋ ತನಗೆ ಸಿಕ್ಕಿದ್ದೋ ಎಂಬ ಮಾತು ವರ್ಷಗಟ್ಟಲೆ ಎಳೆದುಕೊಂಡು ಹೋದ ಕುಟುಂಬಗಳಿವೆ. ಔಷಧಿಯೇ ರೋಗ ತಂದಿತೆಂದರೆ ತಪ್ಪು ಔಷಧಿಯದ್ದಲ್ಲ, ಅದನ್ನು ಕೊಟ್ಟ ರೀತಿಯದ್ದು.

ಅರಬಿಯಲ್ಲಿ ಉಡುಗೊರೆಗೆ 'ಹದಿಯ್ಯ' ಎನ್ನುತ್ತಾರೆ. ಸನ್ಮಾರ್ಗದರ್ಶನವೆಂಬ ಅರ್ಥದ 'ಹಿದಾಯತ್' ಕೂಡ ಇದೇ ಮೂಲಾಕ್ಷರಗಳಿಂದ ಬಂದ ಪದ. ಒಂದು ದಾರಿ ತೋರಿಸುವುದು, ಇನ್ನೊಂದು ಒಬ್ಬರ ಕೈಯಿಂದ ಇನ್ನೊಬ್ಬರೆಡೆಗೆ ಸಾಗುವುದು. ಕನ್ನಡದಲ್ಲಿಯೂ ಒಂದು ಪದವಿದೆ, ಅದು ಬೇರೆಯೇ ಪಾಠ ಹೇಳುತ್ತದೆ. ಮದುವೆ ಮುಂತಾದ ಸಂದರ್ಭಗಳಲ್ಲಿ ಕೊಟ್ಟು ತೆಗೆದುಕೊಳ್ಳುವ ಉಡುಗೊರೆಗೆ 'ಮುಯ್ಯಿ' ಎನ್ನುತ್ತೇವೆ. ಸೇಡು ತೀರಿಸಿಕೊಳ್ಳುವುದಕ್ಕೂ 'ಮುಯ್ಯಿ ತೀರಿಸು' ಎನ್ನುತ್ತೇವೆ! ಕೊಟ್ಟದ್ದಕ್ಕೆ ಸರಿಸಮನಾಗಿ ಮರಳಿಸುವ ಲೆಕ್ಕಾಚಾರ ಎರಡರಲ್ಲೂ ಒಂದೇ ಎಂಬುದನ್ನು ಭಾಷೆ ಎಷ್ಟು ಚೆನ್ನಾಗಿ ಹಿಡಿದಿಟ್ಟಿದೆ ನೋಡಿ. ಮದುವೆ ಮನೆಯಲ್ಲಿ ನೋಟುಪುಸ್ತಕ ಹಿಡಿದು ಕುಳಿತು, ಇಂಥವರು ಇಷ್ಟು ಕೊಟ್ಟರು ಎಂದು ಬರೆದಿಟ್ಟು, ಅವರ ಮನೆಯ ಮದುವೆಗೆ ಅದೇ ಪುಸ್ತಕ ತೆರೆದು ನೋಡುವ ರೂಢಿ ನಮ್ಮಲ್ಲೂ ಇದೆ. ಜನರ ಸಂಪತ್ತಿನಲ್ಲಿ ಸೇರಿ ಬೆಳೆಯಲೆಂದು ಕೊಟ್ಟದ್ದು ಅಲ್ಲಾಹನ ಬಳಿ ಬೆಳೆಯುವುದಿಲ್ಲವೆಂದು ಪವಿತ್ರ ಕುರ್‌ಆನಿನ ರೂಮ್ ಅಧ್ಯಾಯದ 39ನೇ ಸೂಕ್ತ ಎಚ್ಚರಿಸುತ್ತದೆ. ಕೊಟ್ಟದ್ದಕ್ಕಿಂತ ಹೆಚ್ಚು ಮರಳಿ ಬರಲೆಂಬ ಆಸೆಯಿಂದ ಕೊಡುವ ಉಡುಗೊರೆಯೂ ಇದರಲ್ಲಿ ಸೇರಿದೆಯೆಂದು ಹ. ಇಬ್ನು ಅಬ್ಬಾಸ್(ರ) ಸಹಿತ ಹಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಾಗೆ ಕೊಡುವುದು ಹರಾಮ್ ಎಂದಲ್ಲ, ಅದಕ್ಕೆ ಪರಲೋಕದಲ್ಲಿ ಪುಣ್ಯವಿಲ್ಲ ಎಂದು. ವ್ಯಾಪಾರ ಮಾಡಿದವನಿಗೆ ವ್ಯಾಪಾರದ ಫಲ ಸಿಗುತ್ತದೆ.

ಹಾಗೆಂದು ಪ್ರತ್ಯುಡುಗೊರೆಯೇ ಬೇಡವೇ? ಖಂಡಿತ ಬೇಕು. ಪ್ರವಾದಿ(ಸ) ಉಡುಗೊರೆ ಸ್ವೀಕರಿಸುತ್ತಿದ್ದರು, ಪ್ರತಿಯಾಗಿ ಏನಾದರೂ ಕೊಡುತ್ತಲೂ ಇದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಕೊಡಲು ಏನೂ ಇಲ್ಲದವನು ಕೊಟ್ಟವರನ್ನು ಕೊಂಡಾಡಲಿ, ಅವರಿಗಾಗಿ ಪ್ರಾರ್ಥಿಸಲಿ ಎಂಬುದೂ ಪ್ರವಾದಿ(ಸ)ರ ಶಿಕ್ಷಣ. ಪಡೆದವನು ಮರಳಿಸುವುದು ಸೌಜನ್ಯ, ಕೊಟ್ಟವನು ಅದನ್ನು ಕಾದು ಕುಳಿತುಕೊಳ್ಳುವುದು ಮುಯ್ಯಿ.

ಕೊಲ್ಲಿಯ ಪೆಟ್ಟಿಗೆ

ನಮ್ಮ ಜಿಲ್ಲೆಯಲ್ಲಿ ಕುಟುಂಬಕ್ಕೆ ಉಡುಗೊರೆಯೆಂದರೆ ಬಹುಕಾಲ ಕೊಲ್ಲಿಯಿಂದ ಬರುವ ಪೆಟ್ಟಿಗೆಯೇ ಆಗಿತ್ತು. 2006ರಲ್ಲಿ ಬಜಪೆಯಿಂದ ಕೊಲ್ಲಿಗೆ ನೇರ ವಿಮಾನ ಆರಂಭವಾಗುವ ಮುನ್ನ ನಮ್ಮವರು ಮುಂಬಯಿಯಲ್ಲೋ ಕಲ್ಲಿಕೋಟೆಯಲ್ಲೋ ಇಳಿದು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಬಸ್ಸಿನಲ್ಲೋ ರೈಲಿನಲ್ಲೋ ಹೊತ್ತು ಮನೆ ಸೇರುತ್ತಿದ್ದರು. ಪೆಟ್ಟಿಗೆ ತೆರೆಯುವಾಗ ನೆಂಟರಿಷ್ಟರೆಲ್ಲ ಸುತ್ತ ನೆರೆದಿರುತ್ತಿದ್ದರು. ಟ್ಯಾಂಗ್, ನಿಡೋ, ಟೈಗರ್ ಬಾಮ್, ಯಾರ್ಡ್ಲಿ ಪೌಡರ್, ಅತ್ತರಿನ ಸಣ್ಣ ಶೀಶೆ, ಮೆತ್ತನೆಯ ಕಂಬಳಿ, ಟಾರ್ಚು, ಖರ್ಜೂರ. ಆ ಪರಿಮಳ ಈಗಲೂ ಅನೇಕರ ಮೂಗಿನಲ್ಲಿದೆ.

ಆದರೆ ಆ ಪೆಟ್ಟಿಗೆ ತುಂಬಿದ್ದು ಹೇಗೆಂದು ಕೇಳಿದವರು ಕಡಿಮೆ. ರಜೆಗೆ ಎರಡು ತಿಂಗಳಿರುವಾಗಲೇ ಸಾಲ ಶುರು. ಒಂದು ಕೋಣೆಯಲ್ಲಿ ಎಂಟು ಜನ ಮಲಗಿ, ಊಟದಲ್ಲಿ ಉಳಿಸಿ, ಸಾಲದೆ ಬಂದಾಗ ಜೊತೆಗಾರನಿಂದ ಕೈಗಡ ಪಡೆದು ಪೆಟ್ಟಿಗೆ ತುಂಬಿಸಿದವರಿದ್ದಾರೆ. ಇಂದು ಟ್ಯಾಂಗ್ ಕೂಡ ಖರ್ಜೂರವೂ ವಾಮಂಜೂರಿನ ಅಂಗಡಿಯಲ್ಲೇ ಸಿಗುತ್ತದೆ, ಬಸ್ಸು ಹತ್ತಿ ಸ್ಟೇಟ್‌ಬ್ಯಾಂಕಿಗೆ ಹೋದರೆ ಸಿಗದ ವಸ್ತುವಿಲ್ಲ. ಆದರೂ ಊರಿಗೆ ಬಂದವನನ್ನು ನೋಡಿದ ಕೂಡಲೇ "ನನಗೇನು ತಂದೆ?" ಎಂಬ ಪ್ರಶ್ನೆ ನಿಂತಿಲ್ಲ. ಸಲಾಮ್ ಹೇಳಿ ಆರೋಗ್ಯ ವಿಚಾರಿಸುವ ಮೊದಲೇ ಈ ಪ್ರಶ್ನೆ ಬರುವ ಮನೆಗೆ ಬರಲು ಅವನಿಗೆ ಹೆದರಿಕೆಯಾದರೆ ಆಶ್ಚರ್ಯವೇನು? ಸಾಲ ಮಾಡಿ ಉಡುಗೊರೆ ಕೊಡಬೇಕೆಂದು ದೀನ್ ಯಾರನ್ನೂ ಕೇಳಿಲ್ಲ. ಸಾಲ ತೀರಿಸುವುದು ಕಡ್ಡಾಯ, ಉಡುಗೊರೆ ಐಚ್ಛಿಕ. ಕುರಿಯ ಗೊರಸನ್ನು ಕಳುಹಿಸಿದರೂ ಅದನ್ನು ಕೀಳಾಗಿ ಕಾಣಬಾರದೆಂದು ಪ್ರವಾದಿ(ಸ) ಮಹಿಳೆಯರಿಗೆ ವಿಶೇಷವಾಗಿ ಬೋಧಿಸಿದ ಹದೀಸ್ ಬುಖಾರಿಯಲ್ಲಿದೆ. ಈ ಬೋಧನೆ ಕೊಡುವವಳಿಗೂ ಅನ್ವಯ, ಪಡೆಯುವವಳಿಗೂ ಅನ್ವಯ.

ಮಕ್ಕಳಿಗೆ ಕೊಡುವಾಗ

ಒಮ್ಮೆ ಪ್ರವಾದಿ(ಸ)ರ ಬಳಿಗೆ ಕೆಲವು ಬಟ್ಟೆಗಳು ಬಂದವು. ಅವುಗಳಲ್ಲಿ ಗುರುತುಗಳಿದ್ದ ಒಂದು ಪುಟ್ಟ ಕಪ್ಪು ವಸ್ತ್ರವಿತ್ತು. ಇದನ್ನು ಯಾರಿಗೆ ತೊಡಿಸೋಣವೆಂದು ಅವರು ಕೇಳಿದಾಗ ನೆರೆದವರು ಸುಮ್ಮನಿದ್ದರು. ಆಗ ಅವರು ಉಮ್ಮು ಖಾಲಿದ್ ಎಂಬ ಪುಟ್ಟ ಹುಡುಗಿಯನ್ನು ಕರೆತರಲು ಹೇಳಿದರು. ಅವಳನ್ನು ಎತ್ತಿಕೊಂಡು ಬಂದರು. ಪ್ರವಾದಿ(ಸ) ತಮ್ಮ ಕೈಯಿಂದಲೇ ಅದನ್ನು ತೊಡಿಸಿ, ಅದು ಹಳತಾಗುವವರೆಗೆ ತೊಟ್ಟು ಬಾಳುವಂತೆ ಹರಸಿದರು. ನಂತರ ವಸ್ತ್ರದ ಗುರುತನ್ನು ತೋರಿಸಿ 'ಸನಾ' ಎಂದರು. ಅಬಿಸೀನಿಯಾದ ಭಾಷೆಯಲ್ಲಿ ಅದಕ್ಕೆ ಚೆಂದ ಎಂದರ್ಥ. ಏಕೆ ಆ ಭಾಷೆ? ಏಕೆಂದರೆ ಆ ಹುಡುಗಿ ಹುಟ್ಟಿದ್ದು ಅಬಿಸೀನಿಯಾದಲ್ಲಿ, ಮುಹಾಜಿರ್ ತಂದೆತಾಯಿಗಳಿಗೆ. ಮದೀನಾ ಅವಳಿಗೆ ಹೊಸ ಊರು.

ಈ ಹದೀಸನ್ನು ಸಾವಕಾಶವಾಗಿ ಓದಬೇಕು. ಬಟ್ಟೆ ಮೊದಲೇ ಬಂದಿತ್ತು, ಅದರ ಅಳತೆಗೆ ತಕ್ಕ ಮಗುವನ್ನು ನೆನಪಿಸಿಕೊಂಡರು. ಯಾರ ಮೂಲಕವೋ ಕಳುಹಿಸಿಕೊಡದೆ ಮಗುವನ್ನೇ ಕರೆಸಿದರು. ತಾವೇ ತೊಡಿಸಿದರು. ಅವಳ ಕಿವಿಗೆ ಪರಿಚಿತವಾದ ಒಂದು ಪದವನ್ನು ಹುಡುಕಿ ಹೇಳಿದರು. ಬಟ್ಟೆಯ ಬೆಲೆ ಎಷ್ಟಿತ್ತೆಂದು ಯಾರೂ ವರದಿ ಮಾಡಿಲ್ಲ. ಆದರೆ ಉಮ್ಮು ಖಾಲಿದ್(ರ) ದೊಡ್ಡವರಾದ ಮೇಲೆ ಆ ಒಂದು ಪದವನ್ನೂ ಮರೆಯದೆ ಈ ಪ್ರಸಂಗವನ್ನು ಹೇಳುತ್ತಿದ್ದರು. ಇದು ಬುಖಾರಿಯಲ್ಲಿ ನಮಗೆ ಸಿಗುವುದು ಅವರ ವರದಿಯಾಗಿಯೇ.

ವರ್ಷದ ಮೊದಲ ಫಸಲಿನ ಹಣ್ಣು ತಂದುಕೊಟ್ಟಾಗ ಪ್ರವಾದಿ(ಸ) ಅದರಲ್ಲಿ ಸಮೃದ್ಧಿಗಾಗಿ ಪ್ರಾರ್ಥಿಸಿ, ಅಲ್ಲಿದ್ದ ಮಕ್ಕಳಲ್ಲಿ ಅತಿ ಕಿರಿಯ ಮಗುವಿಗೆ ಅದನ್ನು ಕೊಡುತ್ತಿದ್ದರೆಂದು ಮುಸ್ಲಿಮ್ ವರದಿಯಲ್ಲಿದೆ. ನಮ್ಮ ಹಿತ್ತಿಲಲ್ಲಿ ಮೊದಲ ಮಾವು, ಮೊದಲ ಪೇರಳೆ ಬಿದ್ದಾಗ ಅದು ಯಾರ ಪಾಲಿಗೆ ಹೋಗುತ್ತದೆ? ಖರ್ಚಿಲ್ಲದೆ ಸುನ್ನತ್ ಪಾಲಿಸಲು ಇದಕ್ಕಿಂತ ಸುಲಭದ ಅವಕಾಶ ಬೇರೊಂದಿಲ್ಲ.

ಆಟಿಕೆಗಳ ಬಗ್ಗೆ ಕೆಲವರಿಗೆ ಸಂಕೋಚವಿದೆ. ಬಾಲ್ಯದಲ್ಲಿ ಹ. ಆಯಿಶಾ(ರ)ರ ಬಳಿ ಗೊಂಬೆಗಳಿದ್ದವು, ರೆಕ್ಕೆಯಿದ್ದ ಕುದುರೆಯ ಗೊಂಬೆಯೂ ಇತ್ತು, ಅದನ್ನು ಕಂಡು ಪ್ರವಾದಿ(ಸ) ನಕ್ಕರು. ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಸಾಕಿದ ಹಕ್ಕಿಯ ಬಗ್ಗೆ ಪ್ರವಾದಿ(ಸ) ತಾವೇ ಪ್ರಾಸ ಕೂಡಿಸಿ ವಿಚಾರಿಸಿದ್ದರು. ಮಗುವಿಗೆ ಆಟವೇ ಕೆಲಸ. ನನ್ನ ಅನುಭವದಲ್ಲಿ ನಾಲ್ಕೈದು ವರ್ಷದ ಮಗುವಿಗೆ ಬೆಲೆಬಾಳುವ ಬ್ಯಾಟರಿಯ ಕಾರಿಗಿಂತ ಕೂಡಿಸಿ ಬಿಡಿಸಬಹುದಾದ ಮರದ ತುಂಡುಗಳು, ಬಣ್ಣದ ಪೆನ್ಸಿಲು, ಒಂದು ಚೆಂಡು ಹೆಚ್ಚು ದಿನ ಬಾಳುತ್ತವೆ. ಶಾಲೆಗೆ ಹೋಗುವ ಮಗುವಿಗೆ ಅದರ ಹೆಸರು ಬರೆದ ಪುಸ್ತಕ ಕೊಡಿ. ಮೊದಲ ಪುಟದಲ್ಲಿ ಯಾರು, ಯಾವಾಗ, ಏಕೆ ಕೊಟ್ಟರೆಂದು ಎರಡು ಸಾಲು ಬರೆಯಿರಿ. ಮೊದಲ ನೋಂಬು ಪೂರ್ತಿ ಹಿಡಿದ ದಿನ, ಕುರ್‌ಆನ್ ಖತಮ್ ಮಾಡಿದ ದಿನ, ಇವೆಲ್ಲ ಅದಕ್ಕೆ ತಕ್ಕ ದಿನಗಳು.

ವಸ್ತುವೇ ಆಗಬೇಕೆಂದಿಲ್ಲ. ವಾಮಂಜೂರಿನವರಿಗೆ ಪಿಲಿಕುಳ ಕಾಲ್ನಡಿಗೆಯಷ್ಟು ಹತ್ತಿರ. 2018ರಲ್ಲಿ ಅಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಆರಂಭವಾಯಿತು. ಆಕಾಶವನ್ನು ನೋಡಿ ಚಿಂತಿಸಿರೆಂದು ಕುರ್‌ಆನ್ ಎಷ್ಟು ಕಡೆ ಹೇಳುತ್ತದೆ! ಆ ಸೂಕ್ತಗಳನ್ನು ಕಲಿಯುತ್ತಿರುವ ಹತ್ತು ವರ್ಷದ ಹುಡುಗನನ್ನು ಅವನ ಅಜ್ಜನ ಜೊತೆ ತಾರಾಲಯಕ್ಕೆ ಕಳುಹಿಸಿದರೆ ಒಂದೇ ಟಿಕೆಟಿನ ಖರ್ಚಿನಲ್ಲಿ ಇಬ್ಬರಿಗೂ ಉಡುಗೊರೆ ಕೊಟ್ಟಂತೆ. ಸರಿಯಾಗಿ ಹೇಳಬೇಕಾದರೆ ಎರಡು ಟಿಕೆಟ್ ಬೇಕು.

ಇನ್ನು ಪೆರ್ನಾಲ್ ದಿನ ಮಕ್ಕಳ ಕೈಗೆ ಸಿಗುವ ಹಣದ ವಿಷಯ. ಮಾವ ಕೊಟ್ಟ ನೂರು, ಚಿಕ್ಕಪ್ಪ ಕೊಟ್ಟ ಇನ್ನೂರು ಸಂಜೆಯ ಹೊತ್ತಿಗೆ ಮನೆಯ ಖರ್ಚಿಗೆ ಸೇರಿ ಹೋಗುವುದುಂಟು. ಮಗುವಿಗೆ ಕೊಟ್ಟ ಹಣ ಫಿಕ್‌ಹಿನ ಪ್ರಕಾರ ಮಗುವಿನದ್ದು. ತಂದೆ ಅದರ ಪಾಲಕ ಮಾತ್ರ, ಮಗುವಿನ ಹಿತಕ್ಕಾಗಿ ಅದನ್ನು ಕಾಪಾಡುವುದು ಅವನ ಹೊಣೆ. ಒಂದು ಡಬ್ಬಿಯಲ್ಲಿ ಹಾಕಿಟ್ಟು ಲೆಕ್ಕ ಬರೆದಿಡುವುದು ದೊಡ್ಡ ಕೆಲಸವೇನಲ್ಲ. ಚಿಕ್ಕವರ ಹಕ್ಕನ್ನು ಪ್ರವಾದಿ(ಸ) ಎಷ್ಟರ ಮಟ್ಟಿಗೆ ಗೌರವಿಸುತ್ತಿದ್ದರೆಂಬುದಕ್ಕೆ ಒಂದು ಘಟನೆ ಸಾಕು. ಪಾನೀಯ ಕುಡಿದ ಮೇಲೆ ಬಟ್ಟಲನ್ನು ಬಲಗಡೆಯವರಿಗೆ ಕೊಡುವುದು ಕ್ರಮ. ಬಲಕ್ಕೆ ಒಬ್ಬ ಬಾಲಕನಿದ್ದ, ಎಡಕ್ಕೆ ಹಿರಿಯರಿದ್ದರು. ಹಿರಿಯರಿಗೆ ಕೊಡಲು ನಿನ್ನ ಒಪ್ಪಿಗೆಯುಂಟೇ ಎಂದು ಪ್ರವಾದಿ(ಸ) ಬಾಲಕನನ್ನು ಕೇಳಿದರು. ತಮ್ಮಿಂದ ಸಿಗುವ ಪಾಲನ್ನು ಯಾರಿಗೂ ಬಿಟ್ಟುಕೊಡೆನೆಂದು ಅವನು ಹೇಳಿದಾಗ ಬಟ್ಟಲನ್ನು ಅವನ ಕೈಗೇ ಇತ್ತರು. ಯಾರೂ ಅವನನ್ನು ಗದರಿಸಲಿಲ್ಲ.

ಒಬ್ಬನಿಗೆ ಮಾತ್ರ ಕೊಟ್ಟರೆ?

ಬಶೀರ್(ರ) ಎಂಬ ಸಹಾಬಿ ತಮ್ಮ ಮಗ ನುಅ್‌ಮಾನ್‌ಗೆ ಒಂದು ದೊಡ್ಡ ಉಡುಗೊರೆ ಕೊಟ್ಟರು. ತಾಯಿ ಅಮ್ರಾ(ರ) ಇದಕ್ಕೆ ಪ್ರವಾದಿ(ಸ) ಸಾಕ್ಷಿಯಾಗಬೇಕೆಂದು ಪಟ್ಟು ಹಿಡಿದರು. ಬಶೀರ್ ಬಂದು ವಿಷಯ ತಿಳಿಸಿದಾಗ, ಎಲ್ಲ ಮಕ್ಕಳಿಗೂ ಇದೇ ರೀತಿ ಕೊಟ್ಟಿರುವಿರಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲವೆಂದರು. ಹಾಗಾದರೆ ಅಲ್ಲಾಹನನ್ನು ಭಯಪಡಿರಿ, ಮಕ್ಕಳ ನಡುವೆ ನ್ಯಾಯ ಪಾಲಿಸಿರಿ ಎಂದು ಹೇಳಿ ಸಾಕ್ಷಿ ನಿಲ್ಲಲು ಒಪ್ಪಲಿಲ್ಲ. ಬಶೀರ್ ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು. ಎಲ್ಲ ಮಕ್ಕಳೂ ತಮಗೆ ಸಮಾನವಾಗಿ ಉಪಕಾರ ಮಾಡಬೇಕೆಂಬ ಆಸೆ ನಿಮಗಿಲ್ಲವೇ ಎಂಬ ಪ್ರಶ್ನೆಯೂ ಇನ್ನೊಂದು ವರದಿಯಲ್ಲಿದೆ. ಮುಪ್ಪಿನಲ್ಲಿ ಮಕ್ಕಳೆಲ್ಲ ನೋಡಿಕೊಳ್ಳಬೇಕೆಂದು ಬಯಸುವವನು ಅವರ ಬಾಲ್ಯದಲ್ಲಿ ಏನು ಮಾಡಿದನೆಂದು ನೆನಪಿಸಿಕೊಳ್ಳಲಿ ಎಂಬ ಸೂಚನೆ ಇದರಲ್ಲಿದೆ. ವಿಶೇಷವೆಂದರೆ ಈ ಹದೀಸನ್ನು ನಮಗೆ ತಲುಪಿಸಿದವರು ಆ ಉಡುಗೊರೆ ಕಳೆದುಕೊಂಡ ಮಗ ನುಅ್‌ಮಾನ್(ರ) ಅವರೇ.

ಇಂಥ ಸಮಾನತೆ ಸುನ್ನತ್ ಎಂದು ಶಾಫಿಈ ಮದ್‌ಹಬಿನ ಸಹಿತ ಹೆಚ್ಚಿನ ವಿದ್ವಾಂಸರು ಹೇಳಿದರೆ, ಕಡ್ಡಾಯವೆಂದು ಇಮಾಮ್ ಅಹ್ಮದ್ ಬಿನ್ ಹಂಬಲ್ ಹೇಳಿದ್ದಾರೆ. ಆದರೆ ಸಮಾನತೆಯೆಂದರೆ ಎಲ್ಲರಿಗೂ ಒಂದೇ ವಸ್ತುವಲ್ಲ. ಕಾಲೇಜಿಗೆ ಹೋಗುವ ಮಗಳಿಗೆ ಕಂಪ್ಯೂಟರ್ ಬೇಕು, ಒಂದನೇ ತರಗತಿಯ ತಮ್ಮನಿಗೆ ಬೇಕಿಲ್ಲ. ಕಾಯಿಲೆಯ ಮಗುವಿನ ಔಷಧಿಗೆ ಹೆಚ್ಚು ಖರ್ಚಾದರೆ ಅದು ಪಕ್ಷಪಾತವಲ್ಲ. ಅಗತ್ಯಕ್ಕೆ ತಕ್ಕಂತೆ ಕೊಡುವುದು ಬೇರೆ, ಒಬ್ಬನು ಹೆಚ್ಚು ಮುದ್ದಿನವನೆಂದು ಕೊಡುವುದು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲವೆಂದು ಭಾವಿಸುವವರು ಒಮ್ಮೆ ಮದ್ರಸದ ಬೆಂಚಿನಲ್ಲಿ ಕುಳಿತು ಅವರ ಮಾತು ಕೇಳಬೇಕು. ಮನೆಯಲ್ಲಿ ಯಾರಿಗೆ ಹೊಸ ಚೀಲ, ಯಾರಿಗೆ ಅಣ್ಣನ ಹಳೆಯ ಚೀಲ ಎಂಬುದು ಅವರಿಗೆ ಬಾಯಿಪಾಠ.

ನಮ್ಮಲ್ಲಿ ಈ ನ್ಯಾಯ ಹೆಚ್ಚಾಗಿ ತಪ್ಪುವುದು ಗಂಡು ಹೆಣ್ಣಿನ ವಿಷಯದಲ್ಲಿ. ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ ಮೊಬೈಲ್ ಬರುತ್ತದೆ, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳಿಗೆ ಪಾತ್ರೆಯ ಸೆಟ್ಟು ಬರುತ್ತದೆ, ಅದೂ ಮದುವೆಗಾಗಿ ತೆಗೆದಿಡಲು! ನಜ್ಜಾಶಿ ದೊರೆ ಕಳುಹಿಸಿದ ಆಭರಣಗಳಲ್ಲಿ ಅಬಿಸೀನಿಯಾದ ಹರಳಿದ್ದ ಚಿನ್ನದ ಉಂಗುರವೊಂದನ್ನು ಪ್ರವಾದಿ(ಸ) ಮಗಳು ಝೈನಬರ ಪುತ್ರಿ ಉಮಾಮಾಳನ್ನು ಕರೆದು ತೊಡಲು ಕೊಟ್ಟರು. ದೊರೆಯಿಂದ ಬಂದ ಕಾಣಿಕೆ ಮನೆಯ ಪುಟ್ಟ ಹೆಣ್ಣು ಮಗುವಿನ ಪಾಲಾಯಿತು.

ಹರೆಯದವರು, ಪತಿ ಪತ್ನಿಯರು

ಹರೆಯದವರಿಗೆ ಕೊಡುವುದು ಕಷ್ಟ. ನಮಗೆ ಚೆಂದ ಕಂಡದ್ದು ಅವರಿಗೆ ಹಳೆಯದೆನಿಸುತ್ತದೆ. ಕೇಳಿಯೇ ಕೊಡುವುದು ಒಳ್ಳೆಯದು. ಉಸಾಮ ಬಿನ್ ಝೈದ್(ರ) ತರುಣರಾಗಿದ್ದಾಗ ಪ್ರವಾದಿ(ಸ) ಅವರಿಗೆ ಈಜಿಪ್ಟಿನ ಒಂದು ವಸ್ತ್ರ ಕೊಟ್ಟರು. ಅವರು ಅದನ್ನು ಪತ್ನಿಗೆ ಕೊಟ್ಟುಬಿಟ್ಟರು. ಏಕೆ ತೊಡುತ್ತಿಲ್ಲವೆಂದು ವಿಚಾರಿಸಿ ವಿಷಯ ತಿಳಿದಾಗ ಪ್ರವಾದಿ(ಸ) ಬೇಸರಿಸಲಿಲ್ಲ. ಬಟ್ಟೆ ತೆಳುವಾದುದರಿಂದ ಒಳಗೆ ಇನ್ನೊಂದು ತೊಡುವಂತೆ ಆಕೆಗೆ ಹೇಳಿರೆಂದಷ್ಟೇ ಸೂಚಿಸಿದರು. ಕೊಟ್ಟ ಮೇಲೆ ವಸ್ತು ಅವರದು. ನಾನು ಕೊಟ್ಟ ಅಂಗಿ ಏಕೆ ಹಾಕಿಲ್ಲ, ಯಾರಿಗೆ ಕೊಟ್ಟೆ ಎಂದು ಪೆರ್ನಾಲಿನಿಂದ ಪೆರ್ನಾಲಿಗೆ ವಿಚಾರಣೆ ನಡೆಸುವವರು ಈ ಘಟನೆ ಓದಬೇಕು. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸುವುದರಿಂದ ದಾನವೇ ನಿಷ್ಫಲವಾಗುತ್ತದೆಂದು ಅಲ್‌ಬಕರ ಅಧ್ಯಾಯದ 264ನೇ ಸೂಕ್ತದಲ್ಲಿದೆ.

ಪತಿ ಪತ್ನಿಯರ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಪತ್ನಿಯ ಬಾಯಿಗಿಡುವ ತುತ್ತಿಗೂ ಪುಣ್ಯವಿದೆಯೆಂದ ಮೇಲೆ ಆಕೆಗೆ ಇಷ್ಟವಾದ ಒಂದು ಸೀರೆಗೆ ಇಲ್ಲವೇ? ಒಂದೇ ಮಾತು: ಮಿಕ್ಸಿ, ಕುಕ್ಕರ್ ಮನೆಗೆ ಬೇಕಾದ ಸಾಮಾನುಗಳು. ಅವನ್ನು ತಂದು ಆಕೆಗೆ ಉಡುಗೊರೆ ಕೊಟ್ಟೆನೆಂದು ಹೇಳಿಕೊಳ್ಳಬೇಡಿ.

ಹಿರಿಯರಿಗೆ

ಮಖ್ರಮಾ(ರ) ವಯಸ್ಸಾದ ಸಹಾಬಿ, ಸ್ವಲ್ಪ ಮುಂಗೋಪಿ. ಮೇಲಂಗಿಗಳನ್ನು ಹಂಚಿದ ಸುದ್ದಿ ಕೇಳಿ, ತನಗೆ ಸಿಗಲಿಲ್ಲವೆಂದು ಮಗ ಮಿಸ್‌ವರ್‌ನನ್ನು ಕರೆದುಕೊಂಡು ಪ್ರವಾದಿ(ಸ)ರ ಬಾಗಿಲಿಗೇ ಬಂದರು. ಅವರ ದನಿ ಕೇಳಿದ ಪ್ರವಾದಿ(ಸ) ಒಂದು ಮೇಲಂಗಿಯನ್ನು ಹಿಡಿದುಕೊಂಡೇ ಹೊರಬಂದು, ಇದನ್ನು ನಿಮಗಾಗಿಯೇ ತೆಗೆದಿಟ್ಟಿದ್ದೆನೆಂದು ಹೇಳುತ್ತಾ ಅದರ ಅಂದವನ್ನು ತೋರಿಸತೊಡಗಿದರು. ಹಿರಿಯರ ಕೋಪ ಅಲ್ಲಿಗೇ ಇಳಿಯಿತು. ವಯಸ್ಸಾದವರಿಗೆ ಬೇಕಾದುದು ಹೆಚ್ಚಾಗಿ ಇದೇ. ತನ್ನನ್ನು ಮರೆತಿಲ್ಲ, ತನಗೆಂದೇ ಒಂದನ್ನು ತೆಗೆದಿಟ್ಟಿದ್ದಾರೆ ಎಂಬ ಭರವಸೆ.

ಅಜ್ಜಿಗೆ ಪ್ರತಿ ಪೆರ್ನಾಲಿಗೂ ಒಂದು ಸೀರೆಯೋ ಒಂದು ಜೋಡಿ ಬಟ್ಟೆಯೋ ಬರುತ್ತದೆ. ಆಕೆಯ ಕಪಾಟು ತೆರೆದು ನೋಡಿ, ಮಡಿಕೆ ಬಿಚ್ಚದ ಬಟ್ಟೆಗಳೇ ತುಂಬಿರುತ್ತವೆ. ಯಾರಿಗಾದರೂ ಕೊಡಲೆಂದು ಆಕೆ ಅವನ್ನು ಜೋಪಾನವಾಗಿ ಇಟ್ಟಿರುತ್ತಾಳೆ. ಹಾಗಾದರೆ ಏನು ಕೊಡೋಣ? ಆಕೆಯ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಗಮನಿಸಿ. ಸುಬ್‌ಹಿಗೆ ಏಳುವಾಗ ಸ್ವಿಚ್ಚು ಹುಡುಕಿ ಗೋಡೆ ತಡವುತ್ತಾಳೆಯೇ? ಮಂಚದ ಬಳಿ ರಾತ್ರಿ ಉರಿಯುವ ಸಣ್ಣ ದೀಪ ಕೊಡಿ. ಆಟಿ ತಿಂಗಳ ಮಳೆಯಲ್ಲಿ ತಣ್ಣೀರಿನ ವುಝೂ ಕಷ್ಟವೇ? ಬಿಸಿನೀರು ಕಾಯುವ ಫ್ಲಾಸ್ಕ್ ಕೊಡಿ. ಕುರ್‌ಆನನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಾಳೆಯೇ? ದಪ್ಪ ಅಕ್ಷರದ ಮುಸ್‌ಹಫ್ ಕೊಡಿ, ಅದಕ್ಕೂ ಮೊದಲು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಪಾಚಿ ಹಿಡಿದ ಅಂಗಳದಲ್ಲಿ ನಡೆಯಲು ಜಾರದ ಚಪ್ಪಲಿ, ಸುಜೂದ್ ಮಾಡಲಾಗದ ಮೊಣಕಾಲಿಗೆ ಒಂದು ಗಟ್ಟಿಯಾದ ಕುರ್ಚಿ. ಇವು ಯಾವುವೂ ಬಂಗಾರದ ಬೆಲೆಯವಲ್ಲ. ಆದರೆ ಒಂದು ದಿನ ಕುಳಿತು ಗಮನಿಸದವನಿಗೆ ಇವು ಹೊಳೆಯುವುದಿಲ್ಲ. ಏನೂ ತೋಚದಿದ್ದರೆ ಅತ್ತರು ಕೊಡಿ. ಸುಗಂಧವನ್ನು ನಿರಾಕರಿಸಬಾರದು, ಅದು ಹೊರಲು ಹಗುರ, ಪರಿಮಳ ಒಳ್ಳೆಯದು ಎಂದು ಪ್ರವಾದಿ(ಸ) ಹೇಳಿದ್ದಾರೆ.

ತಂದೆತಾಯಿ ತೀರಿಕೊಂಡವರು ಯಾರಿಗೆ ಕೊಡಲಿ? ಮಕ್ಕಾದ ದಾರಿಯಲ್ಲಿ ಹ. ಅಬ್ದುಲ್ಲಾ ಬಿನ್ ಉಮರ್(ರ) ಒಬ್ಬ ಗ್ರಾಮೀಣ ಅರಬನನ್ನು ಕಂಡರು. ಸವಾರಿಗಿದ್ದ ತಮ್ಮ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಅವನಿಗೆ ಕೊಟ್ಟುಬಿಟ್ಟರು. ಇವರಿಗೆ ಅಲ್ಪಸ್ವಲ್ಪ ಕೊಟ್ಟರೂ ಸಾಕಿತ್ತಲ್ಲವೇ ಎಂದು ಜೊತೆಗಿದ್ದವರು ಕೇಳಿದಾಗ, ಆತನ ತಂದೆ ತನ್ನ ತಂದೆ ಉಮರ್(ರ)ರ ಗೆಳೆಯರಾಗಿದ್ದರೆಂದು ಉತ್ತರಿಸಿದರು. ಪ್ರವಾದಿ(ಸ) ಕೂಡ ಕುರಿ ಕೊಯ್ದಾಗ ಆಗಲೇ ತೀರಿಹೋಗಿದ್ದ ಹ. ಖದೀಜಾ(ರ)ರ ಗೆಳತಿಯರ ಮನೆಗೆ ಪಾಲು ಕಳುಹಿಸುತ್ತಿದ್ದರು. ಉಮ್ಮನ ಜೊತೆ ಬೀಡಿ ಕಟ್ಟುತ್ತಿದ್ದ ಆ ನೆರೆಮನೆಯ ಮುದುಕಿ ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ?

ಬಡ ಸಂಬಂಧಿಕರಿಗೆ

ಪ್ರವಾದಿ(ಸ)ರ ಬಳಿಗೆ ಆಹಾರ ತಂದಾಗ ಅದು ಸದಕವೋ ಹದಿಯ್ಯವೋ ಎಂದು ಅವರು ವಿಚಾರಿಸುತ್ತಿದ್ದರು. ಸದಕವಾದರೆ ತಾವು ಮುಟ್ಟುತ್ತಿರಲಿಲ್ಲ. ಬರೀರಾ(ರ)ಗೆ ಯಾರೋ ಸದಕವಾಗಿ ಕೊಟ್ಟ ಮಾಂಸವನ್ನು ಆಕೆ ಪ್ರವಾದಿ(ಸ)ರ ಮನೆಗೆ ಕೊಟ್ಟಾಗ, ಆಕೆಗೆ ಅದು ಸದಕ, ನಮಗೆ ಹದಿಯ್ಯ ಎಂದು ವಿವರಿಸಿದರು. ವಸ್ತು ಒಂದೇ, ಕೊಟ್ಟ ಬಗೆ ಬೇರೆ. ವಿಧವೆಯಾದ ಅತ್ತೆಗೆ, ಕೆಲಸ ಕಳೆದುಕೊಂಡ ಮೈದುನನಿಗೆ ನೆರವಾಗುವಾಗ ಇದನ್ನು ನೆನಪಿಡಬೇಕು. ಎಲ್ಲರೆದುರು ನೋಟು ಮಡಚಿ ಕೈಗಿತ್ತರೆ ತಗ್ಗುವ ತಲೆ, ಮಕ್ಕಳ ಶಾಲೆಯ ಪುಸ್ತಕಗಳನ್ನು ಉಡುಗೊರೆಯೆಂದು ತಂದುಕೊಟ್ಟರೆ ತಗ್ಗುವುದಿಲ್ಲ. ಇನ್ನೊಂದು ಮಾತು: ಆ ಅತ್ತೆ ತನ್ನ ಹಿತ್ತಿಲ ಬಸಳೆಯನ್ನೋ ನಾಲ್ಕು ತೆಂಗಿನಕಾಯಿಯನ್ನೋ ಕಳುಹಿಸಿದರೆ ಬೇಡವೆನ್ನಬೇಡಿ. ಕೊಡುವ ಸಂತೋಷ ಅವಳಿಗೂ ಬೇಕು.

ಕೇಳಿ ಪಡೆದದ್ದು ಉಡುಗೊರೆಯಲ್ಲ

ಮದುವೆಯ ಸಂದರ್ಭದಲ್ಲಿ ಉಡುಗೊರೆಯೆಂಬ ಪದಕ್ಕೆ ಆಗಿರುವ ಅನ್ಯಾಯ ಬೇರೆಲ್ಲೂ ಆಗಿಲ್ಲ. ನಾವು ಏನನ್ನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಪ್ರೀತಿಯಿಂದ ಕೊಡುವುದನ್ನು ಕೊಡಿ ಎಂಬ ಮಾತಿನ ಹಿಂದೆ ಎಷ್ಟು ಪವನ್ ಎಂಬ ಲೆಕ್ಕ ಅಡಗಿರುವುದು ಎರಡೂ ಕಡೆಯವರಿಗೆ ಗೊತ್ತು. ಕುರ್‌ಆನ್ ಕೊಡಲು ಹೇಳಿರುವುದು ವರನಿಗೆ, ಅದೂ ಮನಃಪೂರ್ವಕವಾಗಿ ಮಹರ್ ಕೊಡಲು. ಅನ್ನಿಸಾ ಅಧ್ಯಾಯದ ನಾಲ್ಕನೇ ಸೂಕ್ತ ನೋಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೂಡ ಮಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಬೇಡಿಕೆಯಿಲ್ಲದೆ ಮದುವೆಯ ಸಂದರ್ಭದಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಮಗಳಿಗೆ ತವರಿನಿಂದ ಸಿಕ್ಕ ಚಿನ್ನ ಮಗಳದ್ದು. ಪತಿಯ ತಂಗಿಯ ಮದುವೆಗೆ ಅದನ್ನು ಬಿಚ್ಚಿಸಿಕೊಳ್ಳುವಾಗ ಅವಳ ಒಪ್ಪಿಗೆ ಕೇಳಿದ್ದು ತುಟಿಯ ಮಟ್ಟಿಗೋ ನಿಜವಾಗಿಯೋ ಎಂದು ಆ ಮನೆಯ ಗಂಡಸರು ತಮ್ಮನ್ನೇ ಕೇಳಿಕೊಳ್ಳಲಿ.

ಹೊಂದದ ಉಡುಗೊರೆ, ನೆರೆಯವರ ಉಡುಗೊರೆ

ಬಂದ ಉಡುಗೊರೆ ನಮಗೆ ಒಗ್ಗದಿದ್ದರೆ? ಅಬೂ ಜಹ್‌ಮ್(ರ) ಕೊಟ್ಟಿದ್ದ ಚಿತ್ತಾರದ ಹೊದಿಕೆಯೊಂದು ನಮಾಝಿನಲ್ಲಿ ಪ್ರವಾದಿ(ಸ)ರ ಗಮನ ಸೆಳೆಯಿತು. ಅದನ್ನು ಅವರಿಗೇ ಮರಳಿಸಿದರು. ಆದರೆ ಬರಿದೆ ಮರಳಿಸಲಿಲ್ಲ. ಅವರ ಬಳಿಯಿದ್ದ ಚಿತ್ತಾರವಿಲ್ಲದ ಸಾದಾ ಹೊದಿಕೆಯನ್ನು ತರುವಂತೆ ಹೇಳಿ ಕಳುಹಿಸಿದರು. ಕೊಟ್ಟವರ ಮನಸ್ಸು ನೋಯದಿರಲೆಂದೇ ಹೀಗೆ ಮಾಡಿದರೆಂದು ಹದೀಸ್ ವ್ಯಾಖ್ಯಾನಕಾರರು ಹೇಳುತ್ತಾರೆ. ಇಹ್ರಾಮಿನಲ್ಲಿದ್ದಾಗ ಒಬ್ಬರು ಬೇಟೆಯ ಪ್ರಾಣಿಯನ್ನು ತಂದುಕೊಟ್ಟರು. ಸ್ವೀಕರಿಸಲಾಗಲಿಲ್ಲ. ಅವರ ಮುಖ ಬಾಡಿದ್ದನ್ನು ಕಂಡು, ಇಹ್ರಾಮಿನ ಕಾರಣದಿಂದ ಮಾತ್ರ ಮರಳಿಸುತ್ತಿದ್ದೇವೆಂದು ಪ್ರವಾದಿ(ಸ) ಸಮಾಧಾನ ಹೇಳಿದರು.

ಮುಸ್ಲಿಮೇತರ ಬಂಧುಗಳು, ನೆರೆಯವರು ಕೊಟ್ಟದ್ದನ್ನು ಪಡೆಯಬಹುದೇ, ಅವರಿಗೆ ಕೊಡಬಹುದೇ ಎಂದು ಕೇಳುವವರಿದ್ದಾರೆ. ಇಸ್ಲಾಮ್ ಸ್ವೀಕರಿಸದಿದ್ದ ತಾಯಿ ಕಾಣಿಕೆಗಳೊಂದಿಗೆ ಬಂದಾಗ ಹ. ಅಸ್ಮಾ(ರ) ಅವನ್ನು ಪಡೆಯಲು ಹಿಂಜರಿದರು. ಸ್ವೀಕರಿಸಲು, ತಾಯಿಯೊಂದಿಗೆ ಸಂಬಂಧ ಜೋಡಿಸಲು ಪ್ರವಾದಿ(ಸ) ಹೇಳಿದರು. ತಮಗೆ ಸಿಕ್ಕ ರೇಶ್ಮೆಯ ಉಡುಪನ್ನು ಹ. ಉಮರ್(ರ) ಮಕ್ಕಾದಲ್ಲಿದ್ದ ಬಹುದೇವಾರಾಧಕ ಸಹೋದರನಿಗೆ ಕಳುಹಿಸಿದರು. ಮನೆಯಲ್ಲಿ ಕುರಿ ಕೊಯ್ದಾಗ ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಮತ್ತೆ ಮತ್ತೆ ಕೇಳಿದರು. ವಾಮಂಜೂರಿನಂಥ ಊರಿನಲ್ಲಿ ಒಂದೇ ಗೋಡೆಯ ಆಚೆ ಕ್ರೈಸ್ತರು, ಈಚೆ ಹಿಂದೂಗಳು. ಎರಡು ನೆರೆಮನೆಗಳಲ್ಲಿ ಯಾರಿಗೆ ಮೊದಲು ಕಳುಹಿಸಲೆಂದು ಹ. ಆಯಿಶಾ(ರ) ಕೇಳಿದಾಗ ಬಾಗಿಲು ಹತ್ತಿರವಿರುವವರಿಗೆ ಎಂದು ಪ್ರವಾದಿ(ಸ) ಉತ್ತರಿಸಿದರೇ ಹೊರತು ಬೇರೆ ಅಳತೆಗೋಲು ಹೇಳಲಿಲ್ಲ. ನೆರೆಯವರು ಮಾಂಸ ತಿನ್ನುವವರಲ್ಲದಿದ್ದರೆ ಬಿರಿಯಾನಿಯ ಬದಲು ಹಣ್ಣು ಕಳುಹಿಸುವಷ್ಟು ವಿವೇಚನೆ ಇರಲಿ.

ಮನೆ, ಜಾಗ ಕೊಡುವಾಗ

ಕೊನೆಯದಾಗಿ, ಕುಟುಂಬದಲ್ಲಿ ಕೊಡುವ ಅತಿ ದೊಡ್ಡ ಉಡುಗೊರೆಯ ಬಗ್ಗೆ. ಈ ಮನೆ ಕಿರಿಯ ಮಗಳಿಗೆ ಎಂದು ತಂದೆ ಬಾಯಿಮಾತಿನಲ್ಲಿ ಹೇಳಿರುತ್ತಾರೆ. ವಾಸವೂ ಯಜಮಾನಿಕೆಯೂ ಕೊನೆಯವರೆಗೆ ಅವರದ್ದೇ. ಅವರು ತೀರಿದ ಬಳಿಕ ಕೊಟ್ಟಿದ್ದರು, ಕೊಟ್ಟಿರಲಿಲ್ಲ ಎಂಬ ಜಗಳ. ಹ. ಅಬೂಬಕರ್(ರ) ತಮ್ಮ ತೋಟದ ಫಸಲಿನಲ್ಲಿ ಇಪ್ಪತ್ತು ವಸಕ್ ಖರ್ಜೂರವನ್ನು ಮಗಳು ಹ. ಆಯಿಶಾ(ರ)ಗೆ ಕೊಟ್ಟಿದ್ದರು, ಆದರೆ ಆಕೆ ಅದನ್ನು ಕೊಯ್ದು ವಶಕ್ಕೆ ತೆಗೆದುಕೊಂಡಿರಲಿಲ್ಲ. ಮರಣಶಯ್ಯೆಯಲ್ಲಿ ಅವರು ಮಗಳನ್ನು ಕರೆದು, ನೀನು ಸಂಪನ್ನಳಾಗಿರುವುದಕ್ಕಿಂತ ಪ್ರಿಯವಾದುದು ನನಗೆ ಬೇರಿಲ್ಲ, ಆದರೆ ವಶಕ್ಕೆ ಪಡೆದಿದ್ದರೆ ಅದು ನಿನ್ನದಾಗುತ್ತಿತ್ತು, ಇಂದು ಅದು ವಾರಸುದಾರರೆಲ್ಲರ ಸೊತ್ತು ಎಂಬರ್ಥದ ಮಾತು ಹೇಳಿದರು. ನಿನ್ನ ಇಬ್ಬರು ಸಹೋದರರು, ಇಬ್ಬರು ಸಹೋದರಿಯರು ಅದರಲ್ಲಿ ಪಾಲುದಾರರು ಎಂದರು. ನನಗಿರುವ ಸಹೋದರಿ ಅಸ್ಮಾ ಒಬ್ಬಳೇ, ಇನ್ನೊಬ್ಬಳು ಯಾರು ಎಂದು ಆಯಿಶಾ(ರ) ಕೇಳಿದಾಗ, ಪತ್ನಿ ಬಿನ್ತ್ ಖಾರಿಜಾರ ಗರ್ಭದಲ್ಲಿರುವುದು ಹೆಣ್ಣು ಮಗುವೆಂದು ತನಗೆ ಅನಿಸುತ್ತದೆ ಎಂದರು. ಇಮಾಮ್ ಮಾಲಿಕರ 'ಮುವತ್ತ'ದಲ್ಲಿ ಈ ವರದಿಯಿದೆ. ಹುಟ್ಟಲಿರುವ ಮಗುವಿನ ಹಕ್ಕನ್ನೂ ಅವರು ಲೆಕ್ಕದಿಂದ ಬಿಡಲಿಲ್ಲ.

ಕೊಡುತ್ತೇನೆಂಬ ಮಾತು, ಪಡೆಯುವವರ ಒಪ್ಪಿಗೆ, ವಶಕ್ಕೆ ಒಪ್ಪಿಸುವುದು, ಇವು ಮೂರೂ ಸೇರಿದರೆ ಮಾತ್ರ ಹಿಬ ಪೂರ್ಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 129ನೇ ಕಲಮು ಮುಸ್ಲಿಮರ ಹಿಬಕ್ಕೆ ನೋಂದಣಿಯ ಕಡ್ಡಾಯದಿಂದ ವಿನಾಯಿತಿ ಕೊಟ್ಟಿದೆಯಾದರೂ, ವಶಕ್ಕೆ ಕೊಟ್ಟಿರುವುದನ್ನು ರುಜುವಾತು ಪಡಿಸಬೇಕಾದಾಗ ಸಾಕ್ಷಿಗಳು ಸಿಗುವುದಿಲ್ಲ. ಆದ್ದರಿಂದ ಪತ್ರ ಬರೆದು ನೋಂದಾಯಿಸಿ, ಕಂದಾಯದ ದಾಖಲೆಯಲ್ಲಿ ಹೆಸರು ಬದಲಾಯಿಸಿ, ಕೀಲಿಕೈಯನ್ನು ಮಗಳ ಕೈಗೆ ಕೊಡಿ. ಆ ಮಾತುಕತೆಗೆ ಉಳಿದ ಮಕ್ಕಳನ್ನೂ ಕರೆಯಿರಿ, ಅವರಿಗೆ ಏನು ಕೊಡುವಿರೆಂಬುದನ್ನು ಅದೇ ದಿನ, ಎಲ್ಲರ ಎದುರಿನಲ್ಲಿ ಹೇಳಿರಿ.